ಇಂಗ್ಲಿಷ್‌ನಲ್ಲಿ ಬಾಯಿ ಜಾರಿದಾಗ ಮರ್ಯಾದೆಯಿಂದ ಸಾರಿ ಕೇಳುವುದು ಹೇಗೆ: ಕಲಬುರಗಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಈಗ ದಿನವೂ ಇಂಗ್ಲಿಷ್ ಬೇಕು. ಕಲಬುರಗಿಯಲ್ಲಿ ಕೂತು ಹೈದರಾಬಾದಿನ ಕಂಪನಿಗೆ ಕೆಲಸ ಮಾಡುವವರಿದ್ದಾರೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ರಾಜ್ಯದವರ ಜೊತೆ ಹಾಸ್ಟೆಲ್‌ನಲ್ಲಿ ಇರುವವರಿದ್ದಾರೆ. ಯಾದಗಿರಿಯಿಂದ ಪುಣೆಗೆ ಇಂಟರ್ವ್ಯೂಗೆ ಹೋಗುವವರಿದ್ದಾರೆ, ಬೀದರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ನೇರ ವಿದೇಶದ ಕ್ಲೈಂಟ್ ಜೊತೆ ವೀಡಿಯೊ ಕಾಲ್‌ಗೆ ಕೂರುವವರೂ ಇದ್ದಾರೆ. ಭಾಷೆ ಬಂದ ಹಾಗೆ ಅದರ ಬೈಗುಳವೂ ಬಂದುಬಿಟ್ಟಿದೆ. ಆಟದಿಂದ ಬಂತು, ಸಿನಿಮಾದಿಂದ ಬಂತು, ಗೆಳೆಯರಿಂದ ಬಂತು. ಆದರೆ ಬೈಗುಳ ಬಾಯಿಗೆ ಬಂದ ಮೇಲೆ ಅದನ್ನು ಸರಿಮಾಡಿಕೊಳ್ಳುವ ಮಾತು ಯಾರೂ ಹೇಳಿಕೊಡಲಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ "ಮೇ ಐ ಕಮ್ ಇನ್" ಹೇಳಿಕೊಡುತ್ತಾರೆ, ಇದನ್ನು ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ, ಯಾಕೆಂದರೆ ಒಂದು ಮಾತು ಜಾರಿದ್ದಕ್ಕೆ ಒಳ್ಳೆ ಹುಡುಗ ಕೂಡ ಮ್ಯಾನೇಜರ್ ಎದುರು ಒರಟ ಅನ್ನಿಸಿಕೊಳ್ಳುತ್ತಾನೆ.

ಇಲ್ಲಿ ಹೇಳುವುದೆಲ್ಲ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಆ ಮಾತು ಗಾಳಿಗೆ ಹೋಯ್ತೋ, ಒಬ್ಬ ಮನುಷ್ಯನಿಗೆ ತಾಗಿತೋ? ಇದು ಗೊತ್ತಾದರೆ ಯಾವ ವಾಕ್ಯ ಹೇಳಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ: ನಮಗೆ ಯಾಕೆ ಹಗುರ ಅನ್ನಿಸುತ್ತದೆ

ಅಪ್ಪನ ಎದುರು ಕನ್ನಡದಲ್ಲಾಗಲಿ, ನಮ್ಮ ದಖನಿ ಉರ್ದುವಿನಲ್ಲಾಗಲಿ ಒಂದು ಕೆಟ್ಟ ಮಾತು ಆಡದ ಹುಡುಗ ಅದೇ ಮನೆಯಲ್ಲಿ ಕೂತು, ಫೋನಿನಲ್ಲಿ ಗೇಮ್ ಸೋತಾಗ, ಎಫ್ ಅಕ್ಷರದ ಮಾತನ್ನು ಸಲೀಸಾಗಿ ಅನ್ನುತ್ತಾನೆ. ಅವನು ಕೆಟ್ಟವನು ಅಂತ ಅಲ್ಲ, ಅವನಿಗೆ ಆ ಮಾತಿನ ಖಾರ ಹತ್ತಿಲ್ಲ ಅಷ್ಟೆ. ಜೀನ್-ಮಾರ್ಕ್ ಡೆವೇಲ್ ಎಂಬ ಭಾಷಾತಜ್ಞರು ಹಲವು ಭಾಷೆ ಬಲ್ಲವರನ್ನು ಕೇಳಿ ಮಾಡಿದ ಅಧ್ಯಯನ 2004ರಲ್ಲಿ ಬಂತು. ಬೈಗುಳಕ್ಕೆ ಜಾಸ್ತಿ ಕಸುವು ಇರುವುದು ಮೊದಲು ಕಲಿತ ಭಾಷೆಯಲ್ಲೇ, ಆಮೇಲೆ ಕಲಿತ ಭಾಷೆಯಲ್ಲಿ ಅದು ತೆಳುವಾಗಿ ಕೇಳಿಸುತ್ತದೆ ಅನ್ನುವುದು ಅದರ ಸಾರ. ನಮ್ಮ ಮನೆಗಳಲ್ಲಿ ನೋಡಿದರೆ ಇದು ನೂರಕ್ಕೆ ನೂರು ನಿಜ ಅನ್ನಿಸುತ್ತದೆ ಅಲ್ವಾ?

ಹೀಗಾಗಿ ನಿಮಗೆ ಎಷ್ಟು ಹಗುರ ಅನ್ನಿಸಿತು ಅನ್ನುವುದನ್ನು ಅಳತೆ ಮಾಡಿಕೊಳ್ಳಬೇಡಿ. ಕೇಳಿಸಿಕೊಂಡವರ ತಾಯಿಮಾತು ಇಂಗ್ಲಿಷ್ ಆಗಿದ್ದರೆ ನಿಮ್ಮ ಆ ಒಂದು ಮಾತು ಅವರ ಕಿವಿಗೆ, ನಮಗೆ ನಮ್ಮೂರ ಬಸ್‌ಸ್ಟ್ಯಾಂಡಿನ ಬೈಗುಳ ಬಿದ್ದ ಹಾಗೆ ಬಿದ್ದಿರುತ್ತದೆ.

ಹೆಜ್ಜೆ 1: ಗಾಳಿಗೋ, ಮನುಷ್ಯನಿಗೋ?

ಕಾಲಿಗೆ ಕಲ್ಲು ತಾಗಿತು, ಫೈಲ್ ಡಿಲೀಟ್ ಆಯ್ತು, ಕ್ಯಾಚ್ ಬಿಟ್ಟಿರಿ. ಆಗ ಬಂದ ಮಾತು ಗಾಳಿಗೆ ಹೋದ ಮಾತು. ಯಾರನ್ನೂ ಅಂದಿಲ್ಲ, ಆದರೆ ಕೇಳಿಸಿಕೊಂಡವರಿಗೆ ಇರುಸುಮುರುಸು ಆಗಿರಬಹುದು. ಇದಕ್ಕೆ ಒಂದು ಸಣ್ಣ ವಾಕ್ಯ ಸಾಕು.

"ಯು" ಅಂತ ಶುರುವಾದ ಬೈಗುಳ ಬೇರೆ. ಸಹೋದ್ಯೋಗಿಗೆ, ಡೆಲಿವರಿ ಹುಡುಗನಿಗೆ, ಕಸ್ಟಮರ್ ಕೇರ್‌ನಲ್ಲಿ ಫೋನ್ ಎತ್ತಿದವಳಿಗೆ ತಾಗಿದ ಮಾತು ಅದು. ಅದಕ್ಕೆ ರೆಡಿಮೇಡ್ ವಾಕ್ಯಗಳು ಯಾವುವೂ ನಡೆಯುವುದಿಲ್ಲ. ಅದನ್ನು ಕೆಳಗೆ 7ನೇ ಹೆಜ್ಜೆಯಲ್ಲಿ ಬೇರೆಯಾಗಿ ಬರೆದಿದ್ದೇನೆ, ಅವಸರ ಇದ್ದವರು ಅಲ್ಲಿಗೇ ಹೋಗಿ.

ಹೆಜ್ಜೆ 2: ಮಾತಿನ ತೂಕ ನೋಡಿ

ಇಂಗ್ಲಿಷ್‌ನ ಎಲ್ಲ ಬೈಗುಳವೂ ಒಂದೇ ತೂಕದ್ದಲ್ಲ. ಬ್ರಿಟನ್ನಿನಲ್ಲಿ ಟಿವಿ, ರೇಡಿಯೊ ಮೇಲೆ ಕಣ್ಣಿಡುವ ಆಫ್‌ಕಾಮ್ ಎಂಬ ಸಂಸ್ಥೆ ಇದೆ. ಯಾವ ಮಾತು ಎಷ್ಟು ನೋಯಿಸುತ್ತದೆ ಅಂತ ಅದು ಜನರನ್ನೇ ಕೇಳಿ 2016ರಲ್ಲಿ ಒಂದು ಪಟ್ಟಿ ಮಾಡಿತು, 2021ರಲ್ಲಿ ಮತ್ತೆ ಕೇಳಿತು. 2016ರ ಪಟ್ಟಿಯಲ್ಲಿ ಡ್ಯಾಮ್, ಕ್ರ್ಯಾಪ್, ಬ್ಲಡಿ ಇವು ಹಗುರದ ಸಾಲಿನಲ್ಲಿದ್ದವು. ಶಿಟ್ ಮಧ್ಯದ ಸಾಲಿನಲ್ಲಿತ್ತು. ಎಫ್ ಮಾತು ಎಲ್ಲಕ್ಕಿಂತ ಭಾರದ ಸಾಲಿನಲ್ಲಿತ್ತು. ಅಲ್ಲಿನ ಟಿವಿಯಲ್ಲಿ ಅಂಥ ಭಾರದ ಮಾತು ರಾತ್ರಿ 9ಕ್ಕಿಂತ ಮುಂಚೆ ಬರುವ ಹಾಗಿಲ್ಲ.

ಆದರೆ ತೂಕ ಊರಿಂದ ಊರಿಗೆ ಬದಲಾಗುತ್ತದೆ. ಬ್ಲಡಿ ಅನ್ನುವುದನ್ನೇ ತೆಗೆದುಕೊಳ್ಳಿ. 1914ರಲ್ಲಿ ಲಂಡನ್ನಿನ ನಾಟಕದ ವೇದಿಕೆ ಮೇಲೆ ನಾಯಕಿಯ ಬಾಯಲ್ಲಿ ಈ ಒಂದು ಮಾತು ಬಂದಿದ್ದಕ್ಕೆ ದೊಡ್ಡ ಗದ್ದಲ ಆಗಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಪ್ರವಾಸೋದ್ಯಮದವರು ಅದನ್ನೇ ತಮ್ಮ ಜಾಹೀರಾತಿನಲ್ಲಿ ಹಾಕಿ ಜಗತ್ತನ್ನೆಲ್ಲ ಕರೆದರು, ಬ್ರಿಟನ್ನಿನ ಟಿವಿಯಲ್ಲಿ ಮಾತ್ರ ಅದಕ್ಕೆ ಮೊದಲು ತಡೆ ಬಿತ್ತು. ಇನ್ನು ನಮ್ಮಲ್ಲಿ ಬ್ಲಡಿ ಬರುವುದೇ ಜಗಳದಲ್ಲಿ, ಒಬ್ಬರ ಮುಖಕ್ಕೆ ಹಿಡಿದು. ಬ್ಲಡಿ ಫೂಲ್ ಅಂದರೆ ಕಲಬುರಗಿಯ ಯಾವ ಆಫೀಸಿನಲ್ಲೂ ಅದು ಹಗುರದ ಮಾತಲ್ಲ. ಹಾಗಾಗಿ ಲಂಡನ್ನಿನ ಪಟ್ಟಿ ಹಿಡಿದು ಇಲ್ಲಿ ವಾದ ಮಾಡಬೇಡಿ.

ಎಕ್ರೊನಿಮ್‌ಗಳ ಬಗ್ಗೆಯೂ ಒಂದು ಮಾತು. ಡಬ್ಲ್ಯೂಟಿಎಫ್ ಅಂತ ಟೈಪ್ ಮಾಡುವವರು ಎಷ್ಟೋ ಜನರಿಗೆ ಅದರೊಳಗೆ ಎಫ್ ಮಾತು ಕೂತಿದೆ ಅಂತಲೇ ಗೊತ್ತಿರುವುದಿಲ್ಲ. ಕಾಲೇಜಿನ ಗ್ರೂಪಿನಲ್ಲಿ ನಡೆಯಬಹುದು. ಮೇಷ್ಟ್ರು ಇರುವ ಗ್ರೂಪಿನಲ್ಲಿ ಅದು ಬೈಗುಳವೇ.

ಹೆಜ್ಜೆ 3: ಯಾರು ಕೇಳಿಸಿಕೊಂಡರು?

ಇದು ಎಲ್ಲಕ್ಕಿಂತ ಮುಖ್ಯ, ಆದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಬೈದದ್ದು ಇಂಗ್ಲಿಷ್‌ನಲ್ಲಿ ಅಂತ ಸಾರಿ ಕೂಡ ಇಂಗ್ಲಿಷ್‌ನಲ್ಲೇ ಕೇಳುತ್ತಾರೆ. ಸಾರಿ ಹೋಗಬೇಕಾದದ್ದು ಕೇಳಿಸಿಕೊಂಡವರ ಭಾಷೆಯಲ್ಲಿ.

ಬೀದರಿನಿಂದ ಕಲಬುರಗಿಗೆ ಬರುವ ಬಸ್ಸು. ಹುಮನಾಬಾದ್ ದಾಟಿದೆ. ನಿಮ್ಮ ಪಕ್ಕ ಒಬ್ಬ ಅಜ್ಜಿ ಕೂತಿದ್ದಾರೆ, ಕಾಲ ಹತ್ತಿರ ಜೋಳದ ರೊಟ್ಟಿಯ ಗಂಟು. ನೀವು ಫೋನಿನಲ್ಲಿ ಗೆಳೆಯನ ಮೇಲೆ ಸಿಟ್ಟಾಗಿ ಎಫ್ ಮಾತು ಅಂದಿರಿ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಿರಾ? ಆ ಒಂದು ಮಾತು ಈಗ ಎಲ್ಲರಿಗೂ ಗೊತ್ತು, ಅಜ್ಜಿಯ ಮೊಮ್ಮಗ ಮನೆಯಲ್ಲಿ ಅಂದು ಪೆಟ್ಟು ತಿಂದಿರುತ್ತಾನೆ. ಅವರು ಸೆರಗು ಸರಿಮಾಡಿಕೊಂಡು ಕಿಟಕಿ ಕಡೆ ತಿರುಗಿದರು ಅಂದರೆ ಕೇಳಿಸಿದೆ ಅಂತಲೇ ಅರ್ಥ. ಅವರಿಗೆ "ಎಕ್ಸ್‌ಕ್ಯೂಸ್ ಮಿ" ಅಂದರೆ ಏನೂ ಆಗುವುದಿಲ್ಲ. ಫೋನ್ ಕೆಳಗಿಟ್ಟು ಹೀಗೆ ಹೇಳಿ:

"ಆಯಿ, ಬಾಯಿ ತಪ್ಪಿ ಬಂತ್ರಿ. ಮನಸಿಗಿ ಹಚ್ಕೋಬ್ಯಾಡ್ರಿ."

ಅಷ್ಟೇ. "ಹೋಗ್ಲಿ ಬಿಡಪ್ಪಾ, ಹಂಗೆಲ್ಲಾ ಅನಬಾರದು" ಅಂತ ಅವರು ಅನ್ನುತ್ತಾರೆ. ಹೂಂ ಅನ್ನಿ, ಮುಗಿಯಿತು. ಅಂಗಡಿಯಲ್ಲಿ ಹಿರಿಯರಿದ್ದರೆ "ಕಾಕಾ, ತಪ್ಪಾಯ್ತ್ರಿ." ಸೂಪರ್ ಮಾರ್ಕೆಟ್ ಕಡೆ ಉರ್ದು ಮಾತಾಡುವ ಹಿರಿಯರಿದ್ದರೆ "ಮಾಫ್ ಕರ್ನಾ ಚಾಚಾ, ಮೂ ಸೆ ನಿಕಲ್ ಗಯಾ." ನಾಲಿಗೆ ಕಚ್ಚಿಕೊಳ್ಳುವುದು, ಗಲ್ಲ ಮುಟ್ಟಿಕೊಳ್ಳುವುದು ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುವ ಸನ್ನೆ, ಅದೂ ಸೇರಿದರೆ ಇನ್ನೂ ಒಳ್ಳೆಯದು. ವಿದೇಶದ ಕ್ಲೈಂಟ್ ಎದುರು ಮಾತ್ರ ಗಲ್ಲ ಮುಟ್ಟಿಕೊಳ್ಳಬೇಡಿ, ಅವರಿಗೆ ತಿಳಿಯುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಸಿನಿಮಾ ನೋಡಿ ನೋಡಿ ನಮ್ಮ ಹುಡುಗರು ಗಾಬರಿಯಾದಾಗ, ಸಿಟ್ಟು ಬಂದಾಗ "ಜೀಸಸ್" ಅನ್ನುವುದನ್ನು ಕಲಿತಿದ್ದಾರೆ. ಬೀದರ್ ಕಡೆ ಮೆಥಡಿಸ್ಟ್ ಚರ್ಚಿಗೆ ಹೋಗುವ ಕುಟುಂಬಗಳು ಬಹಳ ಇವೆ. ಅವರ ಎದುರು ಅದು ದೇವರ ಹೆಸರನ್ನು ಸುಮ್ನೆ ಬೀದಿಗೆ ಎಳೆದ ಹಾಗೆ. ಬೈಗುಳಕ್ಕಿಂತ ಅದೇ ಅವರಿಗೆ ಜಾಸ್ತಿ ನೋವು. ಅಲ್ಲಿ "ಸಾರಿ, ಐ ಡಿಡಂಟ್ ಮೀನ್ ಎನಿ ಡಿಸ್‌ರೆಸ್ಪೆಕ್ಟ್" ಅನ್ನಿ. ನಮ್ಮ ದೇವರ ಹೆಸರನ್ನು ಯಾರಾದರೂ ಹಾಗೆ ಅಂದರೆ ನಮಗೆ ಏನನ್ನಿಸುತ್ತದೆ ಅಂತ ನೆನೆಸಿಕೊಂಡರೆ ಸಾಕು, ದನಿ ತಾನಾಗಿ ಸರಿಬರುತ್ತದೆ.

ಹೆಜ್ಜೆ 4: ವಾಕ್ಯ ಆರಿಸಿಕೊಳ್ಳಿ

ಈಗ ಇಂಗ್ಲಿಷ್ ವಾಕ್ಯಗಳಿಗೆ ಬರೋಣ. ಇವನ್ನು ಬಾಯಿಪಾಠ ಮಾಡಿ, ಜೋರಾಗಿ ಹೇಳಿ ಅಭ್ಯಾಸ ಮಾಡಿ. ಗಾಬರಿಯಲ್ಲಿ ಹೊಸ ವಾಕ್ಯ ಕಟ್ಟಲು ಆಗುವುದಿಲ್ಲ, ಬಾಯಿಗೆ ಹತ್ತಿದ ಮಾತೇ ಬರುವುದು.

"ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್." ಒಂದೇ ವಾಕ್ಯ ಕಲಿಯುತ್ತೇನೆ ಅನ್ನುವವರು ಇದನ್ನೇ ಕಲಿಯಿರಿ. ಆಫೀಸು, ಕಾಲೇಜು, ರೈಲು, ಎಲ್ಲ ಕಡೆ ನಡೆಯುತ್ತದೆ. ಅತಿಯಾಗಿ ಬಗ್ಗಿದ ಹಾಗೂ ಇಲ್ಲ, ಸೊಕ್ಕೂ ಇಲ್ಲ. ಮುಂದೆ ಒಂದು ಸಾರಿ ಸೇರಿಸಿ "ಸಾರಿ, ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್" ಅಂದರೆ ಇನ್ನೂ ಮೆತ್ತಗೆ ಕೇಳಿಸುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಈ ಮಾತಿನಲ್ಲಿ ಲ್ಯಾಂಗ್ವೇಜ್ ಅಂದರೆ ಕೆಟ್ಟ ಮಾತು ಅಂತಲೇ ಅರ್ಥ. ಇಂಗ್ಲಿಷರು ಒಬ್ಬರನ್ನು ತಡೆಯಲು ಬರೀ "ಲ್ಯಾಂಗ್ವೇಜ್!" ಅಂತಲೂ ಅನ್ನುತ್ತಾರೆ, ಬಾಯಿ ಬಿಗಿಹಿಡಿ ಅಂತ. ಆದರೆ ನಮ್ಮವರು ಗಡಿಬಿಡಿಯಲ್ಲಿ "ಸಾರಿ ಫಾರ್ ಮೈ ಇಂಗ್ಲಿಷ್" ಅಂದುಬಿಡುತ್ತಾರೆ. ಅದು ಬೇರೆಯೇ ಮಾತು, ನನಗೆ ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಅಂತಾಗುತ್ತದೆ. ಎದುರಿನವರು "ನೋ, ಯುವರ್ ಇಂಗ್ಲಿಷ್ ಈಸ್ ಫೈನ್" ಅಂತ ಸಮಾಧಾನ ಮಾಡುತ್ತಾರೆ, ಬೈದದ್ದಕ್ಕೆ ಸಾರಿ ಕೇಳಿಯೇ ಇಲ್ಲದ ಹಾಗೆ ಆಗುತ್ತದೆ. ಹಾಗೆಯೇ ಬರೀ "ಎಕ್ಸ್‌ಕ್ಯೂಸ್ ಮಿ" ಅಂದರೆ ದಾರಿ ಬಿಡಿ ಅಂತ, ಬರೀ "ಪಾರ್ಡನ್" ಅಂದರೆ ಇನ್ನೊಮ್ಮೆ ಹೇಳಿ ಅಂತ. "ಮೈಂಡ್ ಯುವರ್ ಲ್ಯಾಂಗ್ವೇಜ್" ಅನ್ನುವುದಂತೂ ಜಗಳಕ್ಕೆ ತೋಳು ಮಡಚಿದ ಮಾತು, ಅದನ್ನು ಇದರ ಜೊತೆ ಕಲಸಬೇಡಿ.

"ಸಾರಿ, ದಟ್ ಸ್ಲಿಪ್ಡ್ ಔಟ್." ನಾವು ಬಾಯಿ ತಪ್ಪಿ ಬಂತು ಅನ್ನುತ್ತೇವಲ್ಲ, ಅದೇ. ಹಗುರದ, ಮಧ್ಯದ ಮಾತುಗಳಿಗೆ ಸರಿ. ದಿನಕ್ಕೆ ಹತ್ತು ಸಲ ಬಾಯಿ ತಪ್ಪುವವರು ಇದನ್ನು ಅಂದರೆ ಯಾರೂ ನಂಬುವುದಿಲ್ಲ.

"ಐ ಶುಡಂಟ್ ಹ್ಯಾವ್ ಸೆಡ್ ದಟ್." ಇದರಲ್ಲಿ ತೂಕ ಇದೆ. ನೆಪ ಇಲ್ಲ, ಬಳಸುದಾರಿ ಇಲ್ಲ. ಎಫ್ ಮಾತು ಹಿರಿಯರ ಎದುರು ಬಂದರೆ ಇದೇ ಬೇಕು. ನನಗೆ ಇದ್ದುದರಲ್ಲೇ ಇದು ಬಹಳ ಇಷ್ಟದ ವಾಕ್ಯ.

"ಐ ಅಪಾಲಜೈಸ್ ಫಾರ್ ಮೈ ಲ್ಯಾಂಗ್ವೇಜ್." ಇದು ಆಫೀಸಿನ ಭಾಷೆ. ಮೀಟಿಂಗ್, ಇಮೇಲ್, ಕ್ಲೈಂಟ್, ಪ್ರಿನ್ಸಿಪಾಲ್. ಗೆಳೆಯರ ನಡುವೆ ಅಂದರೆ ಏನಾಯ್ತಪ್ಪಾ ಇವನಿಗೆ ಅಂತ ನೋಡುತ್ತಾರೆ.

"ಪಾರ್ಡನ್ ಮೈ ಫ್ರೆಂಚ್." ಸಿನಿಮಾದಲ್ಲಿ ಬಹಳ ಕೇಳಿರುತ್ತೀರಿ. 19ನೇ ಶತಮಾನದಲ್ಲಿ ಇಂಗ್ಲಿಷರು ಮಾತಿನ ನಡುವೆ ನಿಜವಾಗಿಯೂ ಫ್ರೆಂಚ್ ಪದ ಹಾಕಿ, ಅದಕ್ಕೆ ಹೀಗೆ ಕ್ಷಮೆ ಕೇಳುತ್ತಿದ್ದರು. ಮುಂದೆ ಅದು ಬೈಗುಳಕ್ಕೆ ಅಂಟಿಕೊಂಡಿತು. ಈಗ ಫ್ರೆಂಚ್‌ಗೂ ಅದಕ್ಕೂ ಸಂಬಂಧ ಉಳಿದಿಲ್ಲ. ಇದು ನಗುನಗುತ್ತಾ ಹೇಳುವ ಮಾತು, ಇಂಗ್ಲಿಷ್ ಚೆನ್ನಾಗಿ ರೂಢಿ ಇರುವ ಗೆಳೆಯರ ನಡುವೆ ಮಾತ್ರ ನಡೆಯುತ್ತದೆ. ನಿಜವಾಗಿ ಬೇಜಾರಾದವರಿಗೆ ಇದನ್ನು ಹೇಳಿದರೆ ಅವರ ಬೇಜಾರನ್ನು ಆಟಕ್ಕೆ ತೆಗೆದುಕೊಂಡ ಹಾಗೆ ಆಗುತ್ತದೆ. ಫ್ರಾನ್ಸಿನವರ ಎದುರು ಬೇಡ. ನಮ್ಮ ಊರಿನಲ್ಲಿ ಇದನ್ನು ಕೇಳದ ಹಿರಿಯರ ಎದುರೂ ಬೇಡ, ಅವರಿಗೆ ತಲೆಬುಡ ತಿಳಿಯುವುದಿಲ್ಲ. ನನ್ನ ಕೇಳಿದರೆ ಅರ್ಥ ಮಾಡಿಕೊಳ್ಳಲು ಕಲಿತಿಡಿ, ಬಳಸುವುದನ್ನು ಕಡಿಮೆ ಮಾಡಿ.

ಹೆಜ್ಜೆ 5: ಹೇಳುವ ಹೊತ್ತು, ಹೇಳುವ ದನಿ

ಮೇ ತಿಂಗಳ ಮಧ್ಯಾಹ್ನ, ಸೇಡಂ ರಸ್ತೆಯ ಕಡೆ ಒಂದು ಬಾಡಿಗೆ ಕೋಣೆ ಅಂತ ಇಟ್ಟುಕೊಳ್ಳಿ. ಹೊರಗೆ 40 ಡಿಗ್ರಿ ದಾಟಿದೆ. ವೀಡಿಯೊ ಕಾಲ್‌ನಲ್ಲಿ ಐದಾರು ಜನ, ಅದರಲ್ಲಿ ಇಬ್ಬರು ಇಂಗ್ಲೆಂಡಿನವರು. ನೀವು ಸ್ಕ್ರೀನ್ ತೋರಿಸುತ್ತಾ ಮಾತಾಡುತ್ತಿದ್ದೀರಿ. ಕರೆಂಟ್ ಹೋಗಿ ಬಂತು, ಕಂಪ್ಯೂಟರ್ ಮತ್ತೆ ಶುರುವಾಯ್ತು, ನೋಡಿದರೆ ಬೆಳಗಿನಿಂದ ಮಾಡಿದ ಫೈಲ್ ಸೇವ್ ಆಗಿಲ್ಲ. ಕಾಲ್ ಫೋನಿನಲ್ಲಿ ಇನ್ನೂ ಚಾಲೂ ಇದೆ. ಶಿಟ್ ಅಂದುಬಿಟ್ಟಿರಿ, ಮ್ಯೂಟ್ ಇದೆ ಅಂದುಕೊಂಡು. ಮ್ಯೂಟ್ ಇರಲಿಲ್ಲ.

ಇಲ್ಲಿ ತಪ್ಪು ದಾರಿ ಮೂರು ಇವೆ, ಮೂರೂ ನಮ್ಮವರು ಹಿಡಿಯುವ ದಾರಿಗಳೇ. ಒಬ್ಬರು ತಟ್ಟನೆ ಮ್ಯೂಟ್ ಮಾಡಿ ಏನೂ ಆಗದ ಹಾಗೆ ಕೂರುತ್ತಾರೆ. ಆ ಮಾತು ಎಲ್ಲರ ಕಿವಿಯಲ್ಲಿ ಹಾಗೇ ಉಳಿಯುತ್ತದೆ. ಇನ್ನೊಬ್ಬರು "ಸಾರಿ ಸಾರಿ ಸಾರಿ, ವೆರಿ ಸಾರಿ ಸರ್, ಎಕ್ಸ್‌ಟ್ರೀಮ್‌ಲಿ ಸಾರಿ" ಅಂತ ಸುರಿಸುತ್ತಾರೆ. ಮೀಟಿಂಗ್ ಬದಿಗೆ ಹೋಗಿ ಎಲ್ಲರೂ ಅವರನ್ನೇ ಸಮಾಧಾನ ಮಾಡಬೇಕಾಗುತ್ತದೆ. ಮೂರನೆಯವರು ಕರೆಂಟಿನ ಕಥೆ, ವೋಲ್ಟೇಜಿನ ಕಥೆ, ಇನ್ವರ್ಟರ್ ಕೈಕೊಟ್ಟ ಕಥೆ ಶುರು ಮಾಡುತ್ತಾರೆ. ಕಥೆ ನಿಜವೇ ಇರಬಹುದು, ಆದರೆ ಬಾಯಿಂದ ಬಂದದ್ದು ನಿಮ್ಮ ಮಾತು, ಕರೆಂಟಿನದಲ್ಲ.

ಸರಿಯಾದ ದಾರಿ ಹೀಗೆ. ಒಂದು ಉಸಿರು ತೆಗೆದುಕೊಳ್ಳಿ. ಮಾಮೂಲಿ ದನಿಯಲ್ಲಿ, ಕ್ಯಾಮೆರಾ ಕಡೆ ನೋಡಿ ಹೇಳಿ: "ಸಾರಿ ಎವ್ರಿವನ್, ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್. ಐ ಲಾಸ್ಟ್ ದಿ ಫೈಲ್. ಗಿವ್ ಮಿ ಟೆನ್ ಮಿನಿಟ್ಸ್." ಮೊದಲು ಸಾರಿ, ಆಮೇಲೆ ಏನಾಯ್ತು ಅಂತ ನಾಲ್ಕು ಪದ, ಆಮೇಲೆ ಕೆಲಸ. ಈ ಮೂರರ ಸಾಲು ಬದಲಾಯಿಸಬೇಡಿ. ಕಾರಣ ಮೊದಲು ಬಂದರೆ ನೆಪದ ಹಾಗೆ ಕೇಳಿಸುತ್ತದೆ, ಸಾರಿ ಮೊದಲು ಬಂದರೆ ಅದೇ ಕಾರಣ ವಿವರಣೆಯ ಹಾಗೆ ಕೇಳಿಸುತ್ತದೆ. ಬೇರೆ ಏನೂ ನೆನಪಿಡದಿದ್ದರೂ ಇದೊಂದು ನೆನಪಿಡಿ.

ಹೇಳಬೇಕಾದದ್ದು ಆಗಲೇ, ಅದೇ ನಿಮಿಷದಲ್ಲಿ. ಆಗ ತಪ್ಪಿದರೆ ಕಾಲ್ ಮುಗಿದ ಕೂಡಲೇ ಮೆಸೇಜ್ ಹಾಕಿ. ಮೂರು ದಿನ ಬಿಟ್ಟು ಕೇಳಿದರೆ ಮರೆತವರಿಗೂ ನೆನಪಿಸಿದ ಹಾಗೆ ಆಗುತ್ತದೆ. ನಗಬೇಡಿ, ಗಾಬರಿಗೆ ನಗು ಬರುವುದು ಸಹಜ, ಆದರೂ ತಡೆಯಿರಿ. ಒಂದೇ ಸಲ ಹೇಳಿ, ಸಾಕು.

ಇಂಟರ್ವ್ಯೂನಲ್ಲಿ ಇದೇ ಆದರೆ? "ಐ ಅಪಾಲಜೈಸ್, ಐ ಶುಡಂಟ್ ಹ್ಯಾವ್ ಸೆಡ್ ದಟ್" ಅಂದು ಉತ್ತರ ಮುಂದುವರಿಸಿ. ಕೆಲಸ ಹೋಯ್ತು ಅಂತ ಅಲ್ಲೇ ಕೈ ಚೆಲ್ಲಬೇಡಿ. ತಪ್ಪಾದ ಮೇಲೆ ನೀವು ಹೇಗೆ ನಡೆದುಕೊಂಡಿರಿ ಅನ್ನುವುದನ್ನೂ ಎದುರು ಕೂತವರು ನೋಡುತ್ತಿರುತ್ತಾರೆ.

ಹೆಜ್ಜೆ 6: ಬರೆದದ್ದಾದರೆ

ಬರೆದ ಮಾತಿನ ಕಷ್ಟ ಏನೆಂದರೆ ಅದಕ್ಕೆ ದನಿ ಇಲ್ಲ, ಮುಖ ಇಲ್ಲ, ಮತ್ತೆ ಅದರ ಸ್ಕ್ರೀನ್‌ಶಾಟ್ ಇರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಬೈಗುಳ ಹೋದರೆ ಸುಮ್ಮನೆ ಡಿಲೀಟ್ ಮಾಡಿ ಕೂರಬೇಡಿ. ಮೆಸೇಜ್ ಅಳಿಸಲಾಗಿದೆ ಅಂತ ಅಲ್ಲಿ ಕಾಣುತ್ತದೆ, ನೋಡಿದವರು ನೋಡಿರುತ್ತಾರೆ. ಡಿಲೀಟ್ ಮಾಡಿ, ಕೂಡಲೇ ಕೆಳಗೆ "ಸಾರಿ ಫಾರ್ ದಿ ಲ್ಯಾಂಗ್ವೇಜ್ ಇನ್ ಮೈ ಲಾಸ್ಟ್ ಮೆಸೇಜ್" ಅಂತ ಹಾಕಿ. ಊರಿನವರು, ನೆಂಟರು ಇರುವ ಗ್ರೂಪಾದರೆ ಕನ್ನಡದಲ್ಲೇ "ಈಗ ಹಾಕಿದ ಮೆಸೇಜಿನಲ್ಲಿ ಬಳಸಬಾರದ ಮಾತು ಬಂತು, ದಯವಿಟ್ಟು ಎಲ್ಲರೂ ಕ್ಷಮಿಸಿ" ಅಂದರೆ ಸಾಕು. ಕೈಮುಗಿದ ಎಮೋಜಿ ಒಂದು ಇರಲಿ, ಹತ್ತು ಬೇಡ.

ಆಫೀಸಿನ ಇಮೇಲ್ ಆದರೆ ಹೀಗೆ ಬರೆಯಿರಿ: "ಐ ಅಪಾಲಜೈಸ್ ಫಾರ್ ದಿ ಲ್ಯಾಂಗ್ವೇಜ್ ಐ ಯೂಸ್ಡ್ ಇನ್ ಟುಡೇಸ್ ಕಾಲ್. ಇಟ್ ವಾಸ್ ಅನ್‌ಪ್ರೊಫೆಷನಲ್. ಐ ವಿಲ್ ಬಿ ಮೋರ್ ಕೇರ್‌ಫುಲ್." ಮೂರೇ ವಾಕ್ಯ. ಆ ಕೆಟ್ಟ ಮಾತನ್ನು ಇಮೇಲ್‌ನಲ್ಲಿ ಮತ್ತೆ ಬರೆಯಬೇಡಿ, ಚುಕ್ಕಿ ಹಾಕಿಯೂ ಬೇಡ. ಮತ್ತೆ, ಕೇಳಿಸಿಕೊಂಡವರಿಗೆ ಮಾತ್ರ ಕಳಿಸಿ. ಇಡೀ ಕಂಪನಿಗೆ ಯಾಕೆ?

ಹೆಜ್ಜೆ 7: ಒಬ್ಬ ಮನುಷ್ಯನಿಗೆ ತಾಗಿದ್ದರೆ

ಇಲ್ಲಿ "ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್" ಅನ್ನಲೇಬೇಡಿ. ನೀವು ಒಬ್ಬರನ್ನು ಬೈದು, ಆಮೇಲೆ ಭಾಷೆಗೆ ಮಾತ್ರ ಸಾರಿ ಕೇಳಿದರೆ, ಬೈಗುಳ ಸರಿಯೇ ಇತ್ತು, ಪದ ಮಾತ್ರ ಒರಟಾಯ್ತು ಅಂದ ಹಾಗೆ. ಎದುರಿನವರಿಗೆ ಇದು ಚೆನ್ನಾಗಿ ತಿಳಿಯುತ್ತದೆ.

ಬೇರೆಯವರು ಇಲ್ಲದ ಕಡೆ ಅವರನ್ನು ಕಾಣಿ. ನಾಲ್ಕು ಜನರ ಎದುರು ಬೈದಿದ್ದರೆ ಮಾತ್ರ ಆ ನಾಲ್ಕು ಜನರ ಎದುರೂ ಕೇಳಬೇಕು, ಮರ್ಯಾದೆ ಹೋದದ್ದು ಅಲ್ಲಿ. ಏನು ಮಾಡಿದಿರಿ ಅಂತ ಬಿಡಿಸಿ ಹೇಳಿ: "ಐ ಸ್ವೋರ್ ಅಟ್ ಯು ಯೆಸ್ಟರ್‌ಡೇ. ದಟ್ ವಾಸ್ ರಾಂಗ್, ಅಂಡ್ ಐಯಾಮ್ ಸಾರಿ." ಇಷ್ಟು ಹೇಳಿ ನಿಲ್ಲಿ. ನಿಲ್ಲುವುದೇ ಕಷ್ಟ. ಬಾಯಿ ತಾನಾಗಿ "ಬಟ್" ಕಡೆ ಹೋಗುತ್ತದೆ. "ಸಾರಿ, ಬಟ್ ಯು ಆಲ್ಸೋ" ಅಂದಿರೋ ಕೇಳಿದ್ದೆಲ್ಲ ನೀರಿಗೆ ಹೋಯ್ತು. ಕನ್ನಡದಲ್ಲಿ "ತಪ್ಪಾಯ್ತು, ಆದ್ರ ನೀನೂ ಹಂಗ ಅನಬಾರದಿತ್ತು" ಅಂದಾಗ ಎರಡನೇ ಜಗಳ ಹುಟ್ಟುವುದಿಲ್ಲವಾ, ಹಾಗೆಯೇ. "ಇಫ್ ಯು ಫೆಲ್ಟ್ ಬ್ಯಾಡ್" ಅನ್ನುವುದೂ ಬೇಡ. ಬೇಜಾರಾಗಿದ್ದರೆ ಸಾರಿ ಅಂದರೆ, ಬೇಜಾರು ಮಾಡಿಕೊಂಡದ್ದು ನಿನ್ನ ತಪ್ಪು ಅಂತ ಕೇಳಿಸುತ್ತದೆ. ಅವರು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಸಾರಿ ಕೇಳುವುದು ನಿಮ್ಮ ಕೈಲಿದೆ, ಒಪ್ಪುವುದು ಅವರಿಗೆ ಬಿಟ್ಟದ್ದು, ಅದಕ್ಕೆ ದಿನ ಹಿಡಿಯಬಹುದು.

ನಮಗಿಂತ ಕಡಿಮೆ ಸಂಬಳದವರಿಗೆ, ನಮ್ಮ ಕೈಕೆಳಗಿನವರಿಗೆ ಕೇಳುವಾಗ ಬಹಳ ಜನರಿಗೆ ನಾಲಿಗೆ ಏಳುವುದಿಲ್ಲ. ಮ್ಯಾನೇಜರ್‌ಗೆ ಹತ್ತು ಸಾರಿ, ಪ್ಯೂನ್‌ಗೆ ಹೆಗಲ ಮೇಲೆ ಒಂದು ತಟ್ಟು. ಇದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ವಾಚ್‌ಮನ್ ಅಣ್ಣನಿಗೂ "ಅಣ್ಣಾ, ನಿನ್ನೆ ನಿಮಗ ಹಂಗ ಅನಬಾರದಿತ್ತು, ತಪ್ಪಾಯ್ತ್ರಿ" ಅಂತ ಪೂರ್ತಿ ಮಾತಿನಲ್ಲೇ ಹೇಳಿ, ನೀವು ಅಂತ ಮರ್ಯಾದೆ ಕೊಟ್ಟು ಹೇಳಿ.

ಕೆಲವು ಮಾತಿಗೆ ಯಾವ ಸಾರಿಯೂ ಸಾಲುವುದಿಲ್ಲ, ಅದೂ ಗೊತ್ತಿರಲಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನ ನೋಡುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಹೆಣ್ಣುಮಗಳ ಮಾನಕ್ಕೆ ಧಕ್ಕೆ ತರಬೇಕೆಂದೇ ಆಡಿದ ಮಾತಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಲ್ಲಿ 3 ವರ್ಷದವರೆಗೆ ಸೆರೆ ಇದೆ, ಮೊದಲು ಇದು ಐಪಿಸಿ 509 ಆಗಿತ್ತು. ಇಂಗ್ಲಿಷ್‌ನಲ್ಲಿ ಅಂದೆ ಅಂದ ಮಾತ್ರಕ್ಕೆ ಇದ್ಯಾವುದೂ ಹಗುರ ಆಗುವುದಿಲ್ಲ. ಜಾತಿ, ಧರ್ಮ, ಬಣ್ಣ, ಹೆಣ್ಣುತನ ಹಿಡಿದು ಆಡಿದ ಮಾತು ಬಾಯಿ ಜಾರಿದ್ದು ಅನ್ನಿಸಿಕೊಳ್ಳುವುದಿಲ್ಲ.

ಮುಂಚೆಯೇ ಕೇಳಿಬಿಡುವುದು

ಬೇರೆಯವರು ಅಂದ ಮಾತನ್ನು ಇದ್ದ ಹಾಗೆ ಹೇಳಬೇಕಾದ ಸಂದರ್ಭ ಬರುತ್ತದೆ. ದೂರು ಕೊಡುವಾಗ, ನಡೆದದ್ದನ್ನು ಎಚ್‌ಆರ್‌ಗೆ ಹೇಳುವಾಗ. ಆಗ ಮೊದಲೇ "ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್, ಬಟ್ ದಿಸ್ ಈಸ್ ವಾಟ್ ಹಿ ಸೆಡ್" ಅನ್ನಿ. ನಮ್ಮಲ್ಲಿ "ಅನ್ನಬಾರದು, ಆದರೂ ಅವರು ಅಂದದ್ದನ್ನೇ ಅಂತೀನಿ" ಅನ್ನುವುದಿಲ್ಲವಾ, ಸರಿಸುಮಾರು ಅದೇ. ಇಲ್ಲಿ ಮಾತ್ರ "ಬಟ್" ಪರವಾಗಿಲ್ಲ. ಆದರೆ ನಿಮ್ಮ ಸ್ವಂತ ಸಿಟ್ಟಿಗೆ ಇದನ್ನು ಪರವಾನಗಿ ಮಾಡಿಕೊಳ್ಳಬೇಡಿ. ಬೈಯುತ್ತೇನೆ ಅಂತ ಹೇಳಿಯೇ ಬೈದರೆ ಅದು ಇನ್ನೂ ಕೆಟ್ಟದ್ದು. ಬರೀ "ಹಿ ಯೂಸ್ಡ್ ದಿ ಎಫ್-ವರ್ಡ್" ಅಂದರೂ ಎಲ್ಲರಿಗೂ ತಿಳಿಯುತ್ತದೆ, ಸಾಧ್ಯವಾದಷ್ಟು ಇದನ್ನೇ ಬಳಸಿ.

ಎದುರಿನವರು ಸಾರಿ ಅಂದರೆ

ಇದೂ ಕಲಿಯಬೇಕಾದದ್ದೇ. ನಿಮ್ಮ ಮನಸ್ಸಿಗೆ ಏನೂ ಅನ್ನಿಸದಿದ್ದರೆ "ನೋ ವರೀಸ್" ಅಥವಾ "ದಟ್ಸ್ ಆಲ್ ರೈಟ್" ಅನ್ನಿ, ಮಾತು ಮುಂದುವರಿಸಿ. ಬೇಜಾರಾಗಿದ್ದರೆ ಸುಳ್ಳು ಹೇಳಬೇಕಿಲ್ಲ, "ಥ್ಯಾಂಕ್ ಯು ಫಾರ್ ಸೇಯಿಂಗ್ ದಟ್" ಅಂದರೆ ಮರ್ಯಾದೆಯೂ ಉಳಿಯುತ್ತದೆ, ಪರವಾಗಿಲ್ಲ ಅಂದ ಹಾಗೂ ಆಗುವುದಿಲ್ಲ. ಒಬ್ಬರು ದಿನಾ ನಿಮ್ಮ ಎದುರು ಬೈಯುತ್ತಾ ದಿನಾ ಸಾರಿ ಅನ್ನುತ್ತಿದ್ದರೆ "ಐ'ಡ್ ರಾದರ್ ಯು ಡಿಡಂಟ್ ಸ್ವೇರ್ ಅರೌಂಡ್ ಮಿ" ಅಂತ ಮೆತ್ತಗೆ, ನೇರವಾಗಿ ಹೇಳಿ. ಹೆಣ್ಣುಮಕ್ಕಳು ಇದನ್ನು ಹೇಳಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ, ಇದು ಪೂರಾ ಮರ್ಯಾದೆಯ ವಾಕ್ಯವೇ.

ಬಾಯಿಗೆ ಬದಲಿ ಮಾತು

ಸಾರಿ ಕೇಳುವ ಪ್ರಸಂಗವೇ ಕಡಿಮೆ ಆಗಬೇಕಾದರೆ ಬಾಯಿಗೆ ಬೇರೆ ಮಾತು ಕೊಡಬೇಕು. ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಹಟ ಹಿಡಿದರೆ ಆಗುವುದಿಲ್ಲ, ಕಾಲಿಗೆ ಕಲ್ಲು ತಾಗಿದಾಗ ಏನಾದರೂ ಒಂದು ಬಂದೇ ಬರುತ್ತದೆ. ಇಂಗ್ಲಿಷರು ಇದಕ್ಕೆ ಅಂತಲೇ ಮಾತು ಮಾಡಿಕೊಂಡಿದ್ದಾರೆ. ಡ್ಯಾಮ್ ಬದಲು ಡಾರ್ನ್, ಹೆಲ್ ಬದಲು ಹೆಕ್, ಶಿಟ್ ಬದಲು ಶೂಟ್ ಅಥವಾ ಶುಗರ್, ಗಾಡ್ ಬದಲು ಗಾಶ್. ಮೊದಲ ಅಕ್ಷರ ಒಂದೇ ಇರುವುದರಿಂದ ಅರ್ಧ ದಾರಿಯಲ್ಲೂ ತಿರುಗಿಸಿಕೊಳ್ಳಬಹುದು, ಶಿ ಅಂತ ಬಾಯಿ ತೆರೆದರೂ ಶೂಟ್‌ಗೆ ತಂದು ನಿಲ್ಲಿಸಬಹುದು. ಫ್ರೀಕಿಂಗ್ ಅನ್ನುವುದು ಮಾತ್ರ ಪೂರ್ತಿ ಸುರಕ್ಷಿತ ಅಲ್ಲ. ಯಾವ ಮಾತಿನ ಬದಲಿ ಅಂತ ಎಲ್ಲರಿಗೂ ಗೊತ್ತು, ಇಂಟರ್ವ್ಯೂ, ಕ್ಲೈಂಟ್ ಎದುರು ಬೇಡ. ಜೀಜ್ ಕೂಡ ಬೇಡ, ಅದು ಜೀಸಸ್‌ನಿಂದಲೇ ಬಂದದ್ದು.

ಇವು ನಾಲಿಗೆಗೆ ಒಗ್ಗದಿದ್ದರೆ ನಮ್ಮ "ಅಯ್ಯಯ್ಯೋ", "ಎಪ್ಪಾ" ಯಾವ ಮೀಟಿಂಗಿನಲ್ಲೂ ನಡೆಯುತ್ತದೆ, ಯಾರಿಗೂ ಸಾರಿ ಕೇಳಬೇಕಾಗಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದನ್ನು ಇವತ್ತಿನಿಂದಲೇ ಶುರು ಮಾಡಿ, ಮಕ್ಕಳು ನೀವು ಹೇಳಿಕೊಟ್ಟ ಪದಕ್ಕಿಂತ ನಿಮ್ಮ ಬಾಯಿ ತಪ್ಪಿ ಬಂದ ಪದವನ್ನು ಬೇಗ ಕಲಿಯುತ್ತವೆ. ಮಗು ಅದನ್ನು ಅಂದಾಗ ಗದರಬೇಡಿ, ನಗಲೂಬೇಡಿ. ನಕ್ಕರೆ ನೆಂಟರೆಲ್ಲ ಬಂದಾಗ ಮತ್ತೆ ಅದನ್ನೇ ಅನ್ನುತ್ತದೆ. "ಆ ಮಾತು ನಾನು ಅನ್ನಬಾರದಿತ್ತು ಕಂದಾ, ನಾನೂ ಬಿಡ್ತೀನಿ, ನೀನೂ ಬಿಡು" ಅಂತ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ.